ಹೊಲದ ಕಸದಿಂದ ಉರಿಯುವ ಅನಿಲ



ಸುಗ್ಗಿ ಮುಗಿದ ಮೇಲೆ ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಸಂಜೆಯ ಹೊತ್ತು ಹೊರಟರೆ ದಾರಿಯ ಎರಡು ಕಡೆಯಲ್ಲೂ ಹೊಗೆ ಕಾಣುತ್ತದೆ. ಒಂದು ಕಡೆ ಮೆಕ್ಕೆಜೋಳದ ದಂಟಿಗೆ ಬೆಂಕಿ, ಇನ್ನೊಂದು ಕಡೆ ಬದುವಿನ ಮೇಲೆ ರಾಶಿ ಹಾಕಿದ ಹತ್ತಿಕಟ್ಟಿಗೆಗೆ ಬೆಂಕಿ. ಹೊಲ ಬೇಗ ಸ್ವಚ್ಛವಾಗಲೆಂದು ನಾವು ಹೀಗೆ ಮಾಡುತ್ತೇವೆ. ಅದೇ ಹೊತ್ತಿನಲ್ಲಿ ಅದೇ ಊರಿನ ಅಡಿಕೆ ಬೇಯಿಸುವ ಮನೆಯವರು ಸೌದೆಗೆ ದುಡ್ಡು ಕೊಟ್ಟು ತರಿಸುತ್ತಿರುತ್ತಾರೆ. ಹಿಟ್ಟಿನ ಗಿರಣಿಯವನು ಡೀಸೆಲ್ಲಿಗೆ ಕ್ಯಾನು ಹಿಡಿದು ಪೇಟೆಗೆ ಹೋಗಿರುತ್ತಾನೆ. ಒಂದು ಕಡೆ ಉರುವಲನ್ನು ಸುಟ್ಟು ಕಳೆಯುತ್ತೇವೆ, ಇನ್ನೊಂದು ಕಡೆ ಉರುವಲನ್ನು ಕೊಂಡು ತರುತ್ತೇವೆ. ಇದು ಸರಿಯೇ ಎಂದು ಯೋಚಿಸಬೇಕಾಗಿದೆ.

ಹೊಲದ ಒಣ ಕಸದಿಂದ ಉರಿಯುವ ಅನಿಲವನ್ನು ತೆಗೆಯಬಹುದು. ಆ ಅನಿಲದಿಂದ ಒಲೆ ಉರಿಸಬಹುದು, ಇಂಜಿನ್ ಓಡಿಸಬಹುದು, ದೀಪ ಹೊತ್ತಿಸಬಹುದು. ಇದರ ಬಗೆ ಏನು, ಲಾಭ ಎಷ್ಟು, ತೊಡಕು ಏನು, ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಇದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಪ್ರಯತ್ನಿಸಿದ್ದೇನೆ.

ಗೋಬರ್ ಅನಿಲ ಬೇರೆ, ಇದು ಬೇರೆ

ಅನಿಲ ಎಂದೊಡನೆ ಅನೇಕರಿಗೆ ಗೋಬರ್ ಗ್ಯಾಸ್ ನೆನಪಿಗೆ ಬರುತ್ತದೆ. ಅದಕ್ಕೆ ಹಸಿ ಸಗಣಿ ಮತ್ತು ನೀರು ಬೇಕು. ಗಾಳಿಯಿಲ್ಲದ ಗುಂಡಿಯಲ್ಲಿ ಸೂಕ್ಷ್ಮಜೀವಿಗಳು ಸಗಣಿಯನ್ನು ಕೊಳೆಸಿ ಅನಿಲ ಮಾಡುತ್ತವೆ. ನಾವು ಈಗ ಹೇಳಹೊರಟಿರುವ ಅನಿಲಕ್ಕೆ ನೀರು ಬೇಡ, ಜೀವಾಣುಗಳೂ ಬೇಡ. ಒಣಗಿದ ಕಟ್ಟಿಗೆ, ಚಿಪ್ಪು, ಬೆಂಡು ಮುಂತಾದುವನ್ನು ಸಾಲದಷ್ಟು ಗಾಳಿ ಕೊಟ್ಟು ಬೆಂಕಿಯಿಂದಲೇ ಅನಿಲವಾಗಿಸುವುದು ಇದರ ಕ್ರಮ. ಸಗಣಿಯಂತೆ ಬೇಗ ಕೊಳೆಯದ ಗಟ್ಟಿ ಕಸಕ್ಕೆ ಇದೇ ತಕ್ಕ ದಾರಿ.

ಇದು ಹೊಸ ವಿದ್ಯೆಯೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಹೋದಾಗ ನಮ್ಮ ಸೀಮೆಯ ಬಸ್ಸುಗಳು ಇದ್ದಲಿನ ಅನಿಲದಿಂದ ಓಡಿದುವು. ಬಸ್ಸಿನ ಹಿಂದೆ ಒಂದು ಉದ್ದನೆಯ ಕಬ್ಬಿಣದ ಡಬ್ಬಿ, ಅದರಲ್ಲಿ ಇದ್ದಲು, ಹೊರಡುವ ಮುನ್ನ ಕ್ಲೀನರು ತಿದಿ ತಿರುಗಿಸಿ ಕೆಂಡ ಮಾಡುತ್ತಿದ್ದನೆಂದು ಹಿರಿಯರ ಬಾಯಲ್ಲಿ ಕೇಳುತ್ತೇವೆ. ಯೂರೋಪಿನ ದೇಶಗಳಲ್ಲಿಯೂ ಆಗ ಲಕ್ಷಗಟ್ಟಲೆ ವಾಹನಗಳು ಹೀಗೆಯೇ ಓಡಿದುವು. ಯುದ್ಧ ಮುಗಿದು ಅಗ್ಗದ ಎಣ್ಣೆ ಮತ್ತೆ ಬಂದ ಕೂಡಲೆ ಡಬ್ಬಿಗಳು ಮೂಲೆ ಸೇರಿದುವು.

ಅನಿಲ ಹುಟ್ಟುವ ಬಗೆ

ಒಂದು ಬೆಂಕಿಕಡ್ಡಿಯನ್ನು ಗೀರಿ ನಿಧಾನವಾಗಿ ನೋಡಿರಿ. ಜ್ವಾಲೆ ಕಡ್ಡಿಗೆ ಅಂಟಿಕೊಂಡಿರುವುದಿಲ್ಲ. ಸ್ವಲ್ಪ ಮೇಲೆ ತೇಲುತ್ತಿರುತ್ತದೆ. ಕಟ್ಟಿಗೆ ಕಾದಾಗ ಅದರಿಂದ ಹೊಗೆಯ ರೂಪದಲ್ಲಿ ಹೊರಡುವ ಅನಿಲವೇ ಗಾಳಿಯೊಡನೆ ಸೇರಿ ಜ್ವಾಲೆಯಾಗುತ್ತದೆ. ಉಳಿದ ಕರಿ ಭಾಗವೇ ಇದ್ದಲು. ಬೇಕಾದಷ್ಟು ಗಾಳಿ ಸಿಕ್ಕರೆ ಎಲ್ಲವೂ ಅಲ್ಲಿಯೇ ಉರಿದು ಬೂದಿಯಾಗುತ್ತದೆ. ಬೇಕಾದ ಗಾಳಿಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ ಕೊಟ್ಟರೆ ಪೂರ್ತಿ ಉರಿಯದೆ, ಇನ್ನೂ ಉರಿಯಬಲ್ಲ ಅನಿಲ ಉಳಿಯುತ್ತದೆ. ಆ ಅನಿಲವನ್ನು ಕೊಳವೆಯಲ್ಲಿ ಬೇಕಾದ ಕಡೆಗೆ ಒಯ್ದು ಉರಿಸಬಹುದು.

ಇದನ್ನು ಮಾಡುವ ಯಂತ್ರಕ್ಕೆ ಅನಿಲಕ ಅಥವಾ ಗ್ಯಾಸಿಫೈಯರ್ ಎನ್ನುತ್ತಾರೆ. ನೋಡಲು ಎತ್ತರವಾದ ಕಬ್ಬಿಣದ ಹಂಡೆಯಂತಿದ್ದು ಒಳಗೆ ಕಾವು ತಡೆಯುವ ಇಟ್ಟಿಗೆ ಅಥವಾ ಗಾರೆಯ ಲೇಪವಿರುತ್ತದೆ. ಮೇಲಿನಿಂದ ಕಟ್ಟಿಗೆಯ ತುಂಡುಗಳನ್ನು ಹಾಕುತ್ತಾರೆ. ಕೆಳಗೆ ಜಾಲರಿ, ಅದರ ಕೆಳಗೆ ಬೂದಿ ಬೀಳುವ ಜಾಗ. ಒಳಗೆ ನಾಲ್ಕು ಹಂತಗಳು ನಡೆಯುತ್ತವೆ.

1. ಎಲ್ಲಕ್ಕಿಂತ ಮೇಲೆ ತುಂಡುಗಳು ಕಾವಿಗೆ ಒಣಗುತ್ತವೆ. ಉಳಿದಿದ್ದ ತೇವ ಆವಿಯಾಗುತ್ತದೆ.
2. ಅದರ ಕೆಳಗೆ ತುಂಡುಗಳು ಹೊಗೆ ಬಿಟ್ಟು ಇದ್ದಲಾಗುತ್ತವೆ. ಈ ಹೊಗೆಯಲ್ಲಿ ಡಾಂಬರಿನಂತಹ ಜಿಗುಟು ಪದಾರ್ಥವಿರುತ್ತದೆ.
3. ಗಾಳಿ ಒಳಬರುವ ಕಡೆ ಹೊಗೆಯ ಒಂದು ಪಾಲು ಉರಿದು ಸಾವಿರ ಡಿಗ್ರಿಗೂ ಮಿಕ್ಕಿದ ಕಾವು ಹುಟ್ಟುತ್ತದೆ. ಈ ಕಾವಿನಲ್ಲಿ ಜಿಗುಟು ಒಡೆದು ಹೋಗುತ್ತದೆ.
4. ಕೆಳಗಿನ ಕೆಂಡದ ಹಾಸಿಗೆಯ ಮೂಲಕ ಹಾದು ಬರುವಾಗ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿ ಎರಡೂ ಕೆಂಡದೊಡನೆ ಕೂಡಿ ಇಂಗಾಲದ ಮಾನಾಕ್ಸೈಡು ಮತ್ತು ಜಲಜನಕಗಳಾಗುತ್ತವೆ. ಇವೆರಡೂ ಉರಿಯುವ ಅನಿಲಗಳು.

ಚಿಲುಮೆ ಸೇದುವವರನ್ನು ನೋಡಿರುವಿರಿ. ಉಸಿರನ್ನು ಕೆಳಗಿನಿಂದ ಎಳೆದಾಗ ಗಾಳಿ ಮೇಲಿನಿಂದ ಇಳಿದು ಬರುತ್ತದೆ. ಇಲ್ಲಿಯೂ ಒಂದು ಬೀಸಣಿಗೆ ಯಂತ್ರ ಅಥವಾ ಇಂಜಿನ್ನೇ ಕೆಳಗಿನಿಂದ ಅನಿಲವನ್ನು ಎಳೆಯುತ್ತದೆ. ವ್ಯತ್ಯಾಸವಿಷ್ಟೇ: ಚಿಲುಮೆಯಲ್ಲಿ ಕೆಂಡ ಮೇಲೆ, ಇಲ್ಲಿ ಕೆಂಡ ಕೆಳಗೆ. ಹೊಗೆ ಕೆಂಡವನ್ನು ದಾಟಿಯೇ ಬರಬೇಕಾದುದರಿಂದ ಶುದ್ಧವಾಗುತ್ತದೆ.

ಹೀಗೆ ಬಂದ ಅನಿಲದಲ್ಲಿ ಸುಮಾರು ನೂರಕ್ಕೆ 20 ಭಾಗ ಇಂಗಾಲದ ಮಾನಾಕ್ಸೈಡು, ಹೆಚ್ಚುಕಡಿಮೆ ಅಷ್ಟೇ ಜಲಜನಕ, ಎರಡು ಭಾಗದಷ್ಟು ಮೀಥೇನು ಇರುತ್ತವೆ. ಉಳಿದುದರಲ್ಲಿ ಬಹುಪಾಲು ಗಾಳಿಯ ಸಾರಜನಕ, ಅದು ಉರಿಯುವುದಿಲ್ಲ. ಆದುದರಿಂದ ಇದು ಬಡಕಲು ಅನಿಲ. ಸಿಲಿಂಡರಿನಲ್ಲಿ ತುಂಬಿಡಲು ಬರುವುದಿಲ್ಲ. ಮಾಡಿದ ಕಡೆಯಲ್ಲಿಯೇ, ಮಾಡಿದ ಹೊತ್ತಿನಲ್ಲಿಯೇ ಉರಿಸಬೇಕು.

ನಮ್ಮಲ್ಲಿ ಏನಿದೆ?

ನಮ್ಮದು ಮಳೆ ಕಡಿಮೆಯ ಸೀಮೆ. ವಾಣಿವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದುದು 2022ರಲ್ಲಿ ಎಂದರೆ ಸಾಕು. ಆದರೂ ಗಟ್ಟಿ ಕಸಕ್ಕೆ ಕೊರತೆಯಿಲ್ಲ. ಹಿರಿಯೂರು, ಹೊಸದುರ್ಗದ ಕಡೆ ತೆಂಗಿನ ಚಿಪ್ಪು ಮತ್ತು ಗರಿಯ ದಿಂಡು; ಹೊಳಲ್ಕೆರೆ, ಚಿತ್ರದುರ್ಗದ ಕಡೆ ಮೆಕ್ಕೆಜೋಳದ ಬೆಂಡು, ಹತ್ತಿಕಟ್ಟಿಗೆ; ತೋಟಗಳಲ್ಲಿ ಅಡಿಕೆ ಸಿಪ್ಪೆ; ಎಣ್ಣೆ ಗಿರಣಿಗಳಲ್ಲಿ ಶೇಂಗಾ ಸಿಪ್ಪೆ; ಅಲ್ಲಲ್ಲಿ ತೊಗರಿಕಟ್ಟಿಗೆ; ಕೆರೆಯಂಗಳ, ಹಳ್ಳದ ದಂಡೆಗಳಲ್ಲಿ ಯಾರೂ ಬಿತ್ತದೆ ಬೆಳೆದ ಬಳ್ಳಾರಿ ಜಾಲಿ.

ಇವೆಲ್ಲವೂ ಒಂದೇ ಗುಣದವಲ್ಲ. ತೆಂಗಿನ ಚಿಪ್ಪು, ಜಾಲಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು ಉತ್ತಮ. ಬೂದಿ ಕಡಿಮೆ, ತುಂಡು ಗಟ್ಟಿ. ಹತ್ತಿ ಮತ್ತು ತೊಗರಿ ಕಟ್ಟಿಗೆಯನ್ನು ಸಣ್ಣಗೆ ಕತ್ತರಿಸಿ ಒಣಗಿಸಿದರೆ ಸರಿಹೋಗುತ್ತದೆ. ಶೇಂಗಾ ಸಿಪ್ಪೆ, ಹೊಟ್ಟು ಮೊದಲಾದ ಹಗುರ ಕಸವನ್ನು ಹಾಗೆಯೇ ಹಾಕಿದರೆ ಗಾಳಿ ಸರಿಯಾಗಿ ಆಡುವುದಿಲ್ಲ. ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿಕೊಳ್ಳಬೇಕು. ಬೂದಿ ಹೆಚ್ಚಿರುವ ಕಸವಾದರೆ ಬೂದಿ ಕರಗಿ ಗಂಟುಕಟ್ಟಿ ಜಾಲರಿಯನ್ನು ಮುಚ್ಚುತ್ತದೆ.

ಹತ್ತಿಕಟ್ಟಿಗೆಯ ವಿಷಯದಲ್ಲಿ ಇನ್ನೊಂದು ಲಾಭವಿದೆ. ಕೊಯ್ಲು ಮುಗಿದ ಮೇಲೂ ಗಿಡವನ್ನು ಹೊಲದಲ್ಲಿ ಬಿಟ್ಟರೆ ಗುಲಾಬಿ ಕಾಯಿಕೊರಕ ಹುಳು ಅದರಲ್ಲಿಯೇ ಉಳಿದು ಮುಂದಿನ ಬೆಳೆಗೆ ಹತ್ತುತ್ತದೆ. ಕಟ್ಟಿಗೆಗೆ ಬೆಲೆ ಬಂದರೆ ರೈತ ಅದನ್ನು ಹೊತ್ತಿಗೆ ಸರಿಯಾಗಿ ಕಿತ್ತು ಸಾಗಿಸುತ್ತಾನೆ.

ಮೊದಲ ಪಾಲು ಯಾರದು?

ಕಳೆದ ವರ್ಷ ಹೊಸದುರ್ಗ ತಾಲ್ಲೂಕಿನ ಒಂದು ಊರಿನ ಕಟ್ಟೆಯಲ್ಲಿ ಈ ವಿಷಯ ಹೇಳುತ್ತಿದ್ದೆ. ಹಿರಿಯರೊಬ್ಬರು ಸುಮ್ಮನೆ ಕೇಳಿಕೊಂಡಿದ್ದು ಕೊನೆಗೆ, “ಅಲ್ಲ ತಮ್ಮಾ, ಬ್ಯಾಸಿಗೇಲಿ ದನಕ್ಕೇ ಮೇವಿಲ್ಲ. ನಿನ್ನ ಇಂಜಿನ್ನಿಗೆ ಎಲ್ಲಿಂದ ತರಾನ?” ಎಂದರು. ನನಗೆ ಆಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸಿದೆ. ಅಜ್ಜನ ಮಾತೇ ಸರಿ. ಮರುವಾರ ಹೋಗಿ ಅವರ ಮುಂದೆಯೇ ಈ ಕ್ರಮವನ್ನು ಹೇಳಿದೆ.

ಮೊದಲ ಪಾಲು ದನದ್ದು. ರಾಗಿ ಹುಲ್ಲು, ಜೋಳದ ಸೊಪ್ಪೆ, ಶೇಂಗಾ ಬಳ್ಳಿ ಇವನ್ನು ಅನಿಲಕದ ಬಾಯಿಗೆ ತೋರಿಸಲೂ ಕೂಡದು. ಎರಡನೆಯ ಪಾಲು ನೆಲದ್ದು. ಎಲೆ, ಹೂವು, ಎಳೆಯ ದಂಟು ಇವೆಲ್ಲ ಗೊಬ್ಬರದ ಗುಂಡಿಗೆ ಸೇರಬೇಕು. ಮೂರನೆಯದು ಮನೆಯ ಒಲೆಯದು. ಕಟ್ಟಿಗೆ ಆಯ್ದು ತರುವ ಬಡವರ ಒಲೆಯೂ ಇದರಲ್ಲಿ ಸೇರಿತು. ಈ ಮೂವರೂ ಬೇಡವೆಂದು ಬಿಟ್ಟುದು, ಅಂದರೆ ಇಂದು ಬದುವಿನ ಮೇಲೆ ಸುಟ್ಟು ಹೋಗುತ್ತಿರುವುದು ಮಾತ್ರ ಅನಿಲಕ್ಕೆ. ಅಜ್ಜ ಕೇಳಿ, “ಹಂಗಾದ್ರೆ ಸೈ” ಎಂದರು.

ಲೆಕ್ಕ ಹಾಕಿ ನೋಡೋಣ

ಒಂದು ಕಿಲೋ ಒಣ ಕಟ್ಟಿಗೆಯಿಂದ ಸುಮಾರು ಎರಡೂವರೆ ಘನ ಮೀಟರು ಅನಿಲ ಬರುತ್ತದೆ. ಒಲೆಗೆ ಉರಿಸಿದರೆ ನಾಲ್ಕು ಕಿಲೋ ಕಟ್ಟಿಗೆ ಒಂದು ಲೀಟರು ಡೀಸೆಲ್ಲಿಗೆ ಹೆಚ್ಚುಕಡಿಮೆ ಸಮ. ಮನೆಗೆ ಬರುವ 14.2 ಕಿಲೋ ಸಿಲಿಂಡರಿನಲ್ಲಿರುವ ಕಾವಿಗೆ 60ರಿಂದ 65 ಕಿಲೋ ಒಣ ಕಟ್ಟಿಗೆ ಸಾಕು. ವಿದ್ಯುತ್ ಮಾಡುವುದಾದರೆ ಸಣ್ಣ ಯಂತ್ರದಲ್ಲಿ ಒಂದು ಯೂನಿಟ್ಟಿಗೆ ಒಂದೂಕಾಲು ಕಿಲೋ ಮೇಲ್ಪಟ್ಟು ಹಿಡಿಯುತ್ತದೆ.

ಒಂದು ಎಕರೆಯಲ್ಲಿ 20 ಕ್ವಿಂಟಲ್ ಮೆಕ್ಕೆಜೋಳ ಬಂದರೆ ಅದರ ಜೊತೆಗೆ ಸುಮಾರು 4 ಕ್ವಿಂಟಲ್ ಬೆಂಡು ಉಳಿಯುತ್ತದೆ. ಕಾವಿನ ಲೆಕ್ಕದಲ್ಲಿ ಅದು ಸುಮಾರು 100 ಲೀಟರು ಡೀಸೆಲ್ಲಿಗೆ ಅಥವಾ ಆರು ಸಿಲಿಂಡರಿಗೆ ಸಮ. ಒಕ್ಕಣೆಯ ಯಂತ್ರದ ಪಕ್ಕದಲ್ಲಿ ರಾಶಿ ಬಿದ್ದು ಮಳೆಗೆ ಕೊಳೆಯುವ ಬೆಂಡಿನ ಬೆಲೆ ಇದು.

ಆದರೆ ಈ ಲೆಕ್ಕದಲ್ಲಿ ಕತ್ತರಿಸುವ, ಒಣಗಿಸುವ, ಸಾಗಿಸುವ ಕೂಲಿ ಸೇರಿಲ್ಲ. ಕಸ ಪುಕ್ಕಟೆ, ಕೂಲಿ ಪುಕ್ಕಟೆಯಲ್ಲ. ಆದುದರಿಂದ ದೂರದಿಂದ ಕಸ ತರಿಸುವ ಯೋಜನೆ ಬೇಡ. ಎತ್ತಿನ ಗಾಡಿ ಹೋಗಿ ಬರುವಷ್ಟು ದೂರದಲ್ಲಿ ಸಿಗುವುದೇ ನಮ್ಮ ಉರುವಲು.

ನೆರೆಯವರ ಅನುಭವ

ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿಯೇ ದೊಡ್ಡ ಪ್ರಯೋಗ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ವಿದ್ಯೆಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಮೇಲ್ಭಾಗ ತೆರೆದ ಅನಿಲಕವನ್ನು ರೂಪಿಸಿದರು. 1988ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಒಂದು ಸಣ್ಣ ಯಂತ್ರವನ್ನಿಟ್ಟರು. ಆಗ ಆ ಊರಿಗೆ ವಿದ್ಯುತ್ ಬಂದಿರಲಿಲ್ಲ. ಮೊದಲು ಮನೆಗಳಿಗೆ ದೀಪ, ಅನಂತರ ಕುಡಿಯುವ ನೀರು, ಮುಂದೆ ಹಿಟ್ಟಿನ ಗಿರಣಿ, ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋದರು. ಉರುವಲಿಗಾಗಿ ಊರಿನ ನೆಲದಲ್ಲಿಯೇ ಮರ ಬೆಳೆಸಿದರು. ಯಂತ್ರ ನಡೆಸಿದವರು ಊರಿನ ಹುಡುಗರು. ಡೀಸೆಲ್ ಇಂಜಿನ್ನಿಗೆ ಅನಿಲ ಸೇರಿಸಿ ಓಡಿಸಿದುದರಿಂದ ಬಹುಪಾಲು ಡೀಸೆಲ್ ಉಳಿಯಿತು. ಒಂದು ದಶಕಕ್ಕೂ ಹೆಚ್ಚು ಕಾಲ ಇದು ನಡೆಯಿತು.

ಆ ಮೇಲೆ ತುಮಕೂರು ಜಿಲ್ಲೆಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ದೊಡ್ಡ ಯೋಜನೆ ಬಂದಿತು. ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್ ಸಾಮರ್ಥ್ಯದ ಕೇಂದ್ರ 2007ರಲ್ಲಿ ಆರಂಭವಾಗಿ ತನ್ನ ವಿದ್ಯುತ್ತನ್ನು ಸರಕಾರದ ಜಾಲಕ್ಕೆ ಕೊಟ್ಟಿತು. ಕಟ್ಟಿಗೆಯಿಂದ ವಿದ್ಯುತ್ ತೆಗೆಯಬಹುದೆಂಬುದು ಅಲ್ಲಿ ಸಿದ್ಧವಾಯಿತು. ಆದರೆ ದಿನವೂ ಒಣ ಕಟ್ಟಿಗೆ ಒದಗಿಸುವುದು ಕಷ್ಟವಾಯಿತು. ವಿದ್ಯುತ್ತಿಗೆ ಸಿಕ್ಕ ದರ ಮಾಡುವ ಖರ್ಚಿಗೆ ಸಾಲದಾಯಿತು. ಯಂತ್ರಕ್ಕಿಂತ ಉರುವಲಿನ ವ್ಯವಸ್ಥೆಯೇ ದೊಡ್ಡದು ಎಂಬ ಪಾಠ ಇದರಿಂದ ಕಲಿಯಬೇಕು.

ಮೂರನೆಯ ಅನುಭವ ನಮಗೆ ಇನ್ನೂ ಹತ್ತಿರದ್ದು. 1997ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದ ಹರಿಹರದಲ್ಲಿ, ಚೆಂಡುಹೂವನ್ನು ಒಣಗಿಸುವ ಕಾರ್ಖಾನೆಯೊಂದು ಇದೇ ವಿಜ್ಞಾನ ಸಂಸ್ಥೆಯ ಮಾದರಿಯ ಅನಿಲಕದಿಂದ ಬಿಸಿಗಾಳಿ ಪಡೆಯಿತು. ಅಲ್ಲಿ ಅನಿಲವನ್ನು ಇಂಜಿನ್ನಿಗೆ ಕೊಡದೆ ನೇರವಾಗಿ ಉರಿಸಿ ಕಾವು ಮಾಡಿಕೊಂಡರು. ಇಂಜಿನ್ನಿಗೆ ಅನಿಲ ಕೊಡಬೇಕಾದರೆ ಅದನ್ನು ತಣಿಸಿ, ತೊಳೆದು, ಸೋಸಿ ಕನ್ನಡಿಯಂತೆ ಶುದ್ಧ ಮಾಡಬೇಕು. ಒಲೆಗಾದರೆ ಅಷ್ಟು ಶುದ್ಧಿ ಬೇಡ. ಕೆಲಸ ಅರ್ಧಕ್ಕರ್ಧ ಹಗುರ.

ನಾವು ಕೆಟ್ಟು ಕಲಿತದ್ದು

ಪುಸ್ತಕದ ಮಾತಷ್ಟೇ ಹೇಳಿದರೆ ಸಾಲದು. ನನ್ನ ತಪ್ಪನ್ನೂ ಹೇಳಬೇಕು. ನಾನು ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಳಲ್ಕೆರೆ ಕಡೆಯ ಒಬ್ಬ ಗಿರಣಿಯವರಿಗೆ ಹುರುಪಿನಿಂದ ಸಲಹೆ ಕೊಟ್ಟೆ. ಅವರು ಸಣ್ಣದೊಂದು ಅನಿಲಕವನ್ನು ತರಿಸಿ ಹಳೆಯ ಡೀಸೆಲ್ ಇಂಜಿನ್ನಿಗೆ ಜೋಡಿಸಿದರು. ಬೇಸಗೆಯಲ್ಲಿ ಚೆನ್ನಾಗಿಯೇ ಓಡಿತು. ಸುತ್ತಲಿನವರು ಬಂದು ನೋಡಿದರು. ಮುಂಗಾರು ಹಿಡಿದ ಮೇಲೆ ಒಣಗಿದ ದಾಸ್ತಾನು ಮುಗಿಯಿತು. ಹತ್ತಿಕಟ್ಟಿಗೆ ಬಯಲಲ್ಲಿ ನೆನೆದಿತ್ತು. “ಸ್ವಲ್ಪ ತೇವ ಇದ್ದರೆ ಏನಾದೀತು” ಎಂದು ಅದನ್ನೇ ಹಾಕಿದೆವು. ಹಾಗೆ ಹೇಳಿದವನು ನಾನೇ.

ತೇವವಿದ್ದುದರಿಂದ ಒಳಗಿನ ಕಾವು ಇಳಿಯಿತು. ಕಾವು ಇಳಿದುದರಿಂದ ಜಿಗುಟು ಒಡೆಯದೆ ಅನಿಲದೊಡನೆಯೇ ಹೊರಟಿತು. ಸೋಸುವ ಮರಳೂ ಕಪ್ಪಾಗಿ ಕಟ್ಟಿಕೊಂಡಿತು. ಹತ್ತು ದಿನದೊಳಗೆ ಇಂಜಿನ್ನಿನ ವಾಲ್ವುಗಳು ಅಂಟಿಕೊಂಡು ಗಿರಣಿ ನಿಂತಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಡಾಂಬರು. ರಿಪೇರಿಯ ಖರ್ಚು ಅವರು ಉಳಿಸಿದ ಡೀಸೆಲ್ಲಿಗಿಂತ ಹೆಚ್ಚಾಯಿತು. ಅವರು ನನ್ನನ್ನು ಬೈಯಲಿಲ್ಲ. “ಮುಂದಿನವರಿಗೆ ಸರಿಯಾಗಿ ಹೇಳ್ರಿ” ಎಂದಷ್ಟೇ ಹೇಳಿದರು. ಈ ಲೇಖನ ಬರೆಯಲು ಅದೇ ಮಾತು ಕಾರಣ.

ಕಟ್ಟಿಗೆಯಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ತೇವ ಇರಬಾರದು. ತಿಳಿಯುವ ಬಗೆ ಸುಲಭ. ಸ್ವಲ್ಪ ಕಟ್ಟಿಗೆಯನ್ನು ತೂಗಿ ಬಿಸಿಲಿಗೆ ಹರಡಿರಿ. ಮರುದಿನ, ಮೂರನೆಯ ದಿನ ಮತ್ತೆ ತೂಗಿರಿ. ತೂಕ ಇಳಿಯುವುದು ನಿಂತಿತೆಂದರೆ ನಮ್ಮ ಬಿಸಿಲಿಗೆ ಅದು ಒಣಗಿತೆಂದು ತಿಳಿಯಬಹುದು. ಮುರಿದರೆ ಬಳುಕದೆ ‘ಚಟ್’ ಎನ್ನಬೇಕು.

ನಮಗೆ ಯಾವುದು ಹೊಂದುತ್ತದೆ?

ಇಂದು ಹಳ್ಳಿಹಳ್ಳಿಗೂ ವಿದ್ಯುತ್ ತಂತಿ ಬಂದಿದೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ರೈತರು ವಿದ್ಯುತ್ ದರ ಕೊಡಬೇಕಾಗಿಲ್ಲ. ಹೀಗಿರುವಾಗ ಬರೀ ಪಂಪಿಗಾಗಿ ಒಬ್ಬ ರೈತ ಅನಿಲಕ ಇಡುವುದು ಲಾಭವೆಂದು ನಾನು ಹೇಳಲಾರೆ. ಕಾವು ಬೇಕಾದ ಕಡೆ ಮಾತ್ರ ಇದು ನಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಅಡಿಕೆ ಬೇಯಿಸುವ ಒಲೆಯನ್ನೇ ತೆಗೆದುಕೊಳ್ಳಿರಿ. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ದಿನಗಟ್ಟಲೆ ಬೇಯಿಸಬೇಕು. ಗಾಡಿಗಟ್ಟಲೆ ಸೌದೆ ಬೇಕು. ಒಲೆಯ ಮುಂದೆ ನಿಲ್ಲುವ ಹೆಣ್ಣುಮಕ್ಕಳಿಗೆ ಕಣ್ಣುರಿ, ಕೆಮ್ಮು. ಅನಿಲದ ಉರಿಯಾದರೆ ಹೊಗೆ ಇಲ್ಲದಷ್ಟು ಕಡಿಮೆ, ಹಂಡೆಗೆ ಮಸಿ ಹಿಡಿಯದು, ಉರಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕೊಬ್ಬರಿ ಒಣಗಿಸುವುದು, ಬೆಲ್ಲದ ಆಲೆಮನೆ, ಸಮುದಾಯ ಭವನದ ಅಡುಗೆ, ವಿದ್ಯಾರ್ಥಿನಿಲಯಗಳ ಅಡುಗೆಮನೆ ಇವೂ ಇದೇ ಸಾಲಿಗೆ ಸೇರುತ್ತವೆ. ಒಬ್ಬರ ಕೈಯಲ್ಲಿ ಆಗದುದನ್ನು ಸಹಕಾರ ಸಂಘ ಅಥವಾ ಸ್ವಸಹಾಯ ಸಂಘ ಮಾಡಬಹುದು.

ಅಡಿಕೆ ಕೊಯ್ಲು ಮಳೆಯ ಕಾಲಕ್ಕೆ ತಾಗಿಕೊಂಡಿರುವುದರಿಂದ ಆಗ ಕಸ ಒಣಗಿಸಲು ಹೋದರೆ ನಮ್ಮ ಗಿರಣಿಯ ಗತಿಯೇ ಆಗುತ್ತದೆ. ಈ ವರ್ಷದ ಬೆಂಡು ಬರುವ ವರ್ಷದ ಅಡಿಕೆಗೆ ಎಂದು ಬೇಸಗೆಯಲ್ಲಿಯೇ ಒಣಗಿಸಿ, ಸೂರಿನ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಅಟ್ಟಣೆ ಕಟ್ಟಿ ಕೂಡಿಡಬೇಕು.

ಎಚ್ಚರಿಕೆಗಳು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿರಿ; ಓದಲು ಬಾರದವರಿಗೆ ಓದಿ ಹೇಳಿರಿ.

ಇಂಗಾಲದ ಮಾನಾಕ್ಸೈಡು ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದುದರಿಂದ ಅನಿಲಕವನ್ನು ಮನೆಯೊಳಗೆ, ಮುಚ್ಚಿದ ಕೋಣೆಯಲ್ಲಿ ಇಡಲೇಕೂಡದು. ನಾಲ್ಕು ಕಡೆಯೂ ಗಾಳಿಯಾಡುವ ಚಪ್ಪರದ ಕೆಳಗೆ ಇಡಬೇಕು. ಹತ್ತಿರ ಕೆಲಸ ಮಾಡುವವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಬೇಕು. ಯಂತ್ರದ ಪಕ್ಕದಲ್ಲಿ ಯಾರೂ ಮಲಗಬಾರದು.

ಯಂತ್ರ ನಿಲ್ಲಿಸಿದ ಮೇಲೂ ಒಳಗೆ ಕೆಂಡ ಮತ್ತು ಅನಿಲ ಇರುತ್ತವೆ. ಗಾಳಿಯೊಡನೆ ಬೆರೆತ ಅನಿಲಕ್ಕೆ ಕಿಡಿ ತಾಗಿದರೆ ಸಿಡಿಯುತ್ತದೆ. ತರಬೇತಿ ಇಲ್ಲದವರು ಬಾಗಿಲು ತೆರೆಯಬಾರದು.

ಅನಿಲ ತೊಳೆದ ನೀರು ಕೆಟ್ಟದ್ದು. ಅದನ್ನು ಕೆರೆ, ಬಾವಿ, ಕಾಲುವೆಗೆ ಬಿಡಬಾರದು. ಒಲೆಗೆ ಮಾತ್ರ ಅನಿಲ ಬಳಸಿದರೆ ತೊಳೆಯುವ ನೀರೇ ಬೇಕಾಗದಂತೆ ಮಾಡಿಕೊಳ್ಳಬಹುದು. ಜಾಲರಿಯ ಕೆಳಗೆ ಬಿದ್ದ ಇದ್ದಲ ಪುಡಿಯನ್ನು ನೀರು ಚಿಮುಕಿಸಿ ಪೂರ್ತಿ ಆರಿಸಿ, ತಿಪ್ಪೆಯ ಗೊಬ್ಬರದೊಡನೆ ಬೆರೆಸಿ ಹೊಲಕ್ಕೆ ಹಾಕಿದರೆ ನೆಲ ತೇವ ಹಿಡಿಯಲು ಸಹಾಯವಾಗುತ್ತದೆ.

ಈ ಬೇಸಗೆಯಲ್ಲಿ ಮಾಡಬಹುದಾದ ಕೆಲಸ

ಇದನ್ನು ಓದಿದ ಕೂಡಲೆ ಯಾರೂ ಸಾಲ ತೆಗೆದು ಯಂತ್ರ ತರಿಸಬೇಕಾಗಿಲ್ಲ. ಮೊದಲು ಮೂರು ಕೆಲಸ ಮಾಡಿರಿ. ಒಂದು: ಕಳೆದ ಹಂಗಾಮಿನಲ್ಲಿ ನಿಮ್ಮ ಒಲೆಗೆ ಎಷ್ಟು ಸೌದೆ ಹೋಯಿತು, ಎಷ್ಟು ದುಡ್ಡಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು: ದನಕ್ಕೂ ನೆಲಕ್ಕೂ ಕೊಟ್ಟು ಮಿಕ್ಕ ಗಟ್ಟಿ ಕಸ ನಿಮ್ಮ ಊರಿನಲ್ಲಿ ಎಷ್ಟಿದೆ ಎಂದು ಗಾಡಿಯ ಲೆಕ್ಕದಲ್ಲಿ ಅಂದಾಜು ಮಾಡಿರಿ. ಮೂರು: ಒಂದು ಗಾಡಿ ಬೆಂಡನ್ನಾದರೂ ಸರಿಯಾಗಿ ಒಣಗಿಸಿ ಸೂರಿನ ಕೆಳಗೆ ಕೂಡಿಟ್ಟು, ಮಳೆಗಾಲ ಕಳೆದ ಮೇಲೆ ಅದು ಹೇಗಿದೆ ನೋಡಿರಿ. ಮಳೆಗಾಲವನ್ನು ದಾಟಿಸಿ ಕಸವನ್ನು ಒಣಗಿದ್ದಂತೆಯೇ ಉಳಿಸಿಕೊಳ್ಳಬಲ್ಲ ಊರು ಅನಿಲಕವನ್ನೂ ನಡೆಸಬಲ್ಲದು.

ಈ ಲೆಕ್ಕಗಳನ್ನು ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಹೋಗಿ ವಿಚಾರಿಸಿರಿ. ಲೆಕ್ಕ ಕೂಡಿಬಂದರೆ ಮುಂದೆ ಹೋಗೋಣ. ಕೂಡಿಬಾರದಿದ್ದರೆ ಒಣಗಿದ ಬೆಂಡು ಒಲೆಗಾದರೂ ಆಗುತ್ತದೆ, ನಷ್ಟವೇನೂ ಇಲ್ಲ.

ಕಸದಿಂದ ರಸ ಎಂದು ಹಿರಿಯರು ಹೇಳಿದ್ದಾರೆ. ರಸ ಬರಬೇಕಾದರೆ ಕಸ ಒಣಗಿರಬೇಕು ಎಂಬ ಮಾತನ್ನು ಮಾತ್ರ ನನ್ನ ಕಡೆಯಿಂದ ಸೇರಿಸಿಕೊಳ್ಳಿರಿ. ಬರುವ ಸುಗ್ಗಿಯಲ್ಲಿ ಬದುವಿನ ಮೇಲೆ ಕಡ್ಡಿ ಗೀರುವ ಮುನ್ನ ಒಂದು ಗಳಿಗೆ ನಿಂತು ಯೋಚಿಸಿದರೆ ಈ ಲೇಖನ ಬರೆದ ಶ್ರಮ ಸಾರ್ಥಕವಾಯಿತು.